ಎಳೆ ಹರಿದವರ ಹೆಸರು

ತಪ್ಪು ತಿದ್ದುವುದು ನನ್ನ ಹೊಟ್ಟೆಪಾಡು. ಧಾರವಾಡದ ಒಂದು ಸಣ್ಣ ಪ್ರಕಾಶನದಲ್ಲಿ ಕರಡು ನೋಡುತ್ತೇನೆ. ಕೆಂಪು ಪೆನ್ನು ಹಿಡಿದು ಕೂತರೆ ಯಾರ ಮುಲಾಜೂ ಇಲ್ಲ. ಡಾಕ್ಟರೇಟ್ ಆದವರ ಒತ್ತಕ್ಷರಗಳನ್ನೂ ಸರಿಮಾಡಿ ಕಳಿಸಿದ್ದೇನೆ. ಅಂಥ ನಾನು ಒಂದು ಪುಸ್ತಕದಲ್ಲಿ ಹನ್ನೊಂದು ಕಡೆ ತಪ್ಪೇ ಅಲ್ಲದ್ದನ್ನು ತಿದ್ದಿಬಿಟ್ಟೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರ ಮೇಲೆ ರೇಗುವುದು ಬಹಳ ಇದೆ.

ಪುಸ್ತಕದ ಹೆಸರು ‘ಅರಳೆ ಮೋಡದ ಊರು’. ನಮ್ಮ ಕಡೆ ಮೂರು ತಲೆಮಾರಿನ ಮಕ್ಕಳು ಓದಿದ ಕಾದಂಬರಿ. ಆ ಊರಲ್ಲಿ ಮೋಡಗಳು ವರ್ಷಕ್ಕೊಮ್ಮೆ ಹೊಲಕ್ಕಿಳಿಯುತ್ತವೆ. ಜನ ಅವನ್ನು ಹತ್ತಿಯ ಹಾಗೆ ಬಿಡಿಸಿ, ಹಿಂಜಿ, ನೂಲುತ್ತಾರೆ. ಬಿಸಿಲು ದೊರೆಗೆ ಆಸೆ ಹೆಚ್ಚಾಗಿ ಎಲ್ಲ ಮೋಡಗಳನ್ನೂ ತನ್ನ ಉಗ್ರಾಣಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಆಗ ಫಕೀರವ್ವ ಎಂಬ ಹುಡುಗಿ ಬೇಲಿಗೆ ಸಿಕ್ಕಿಕೊಂಡ ಚೂರು ಮೋಡದಿಂದ ನೂಲು ತೆಗೆದು, ಅದನ್ನೇ ಹಿಡಿದು ಮೇಲೆ ಹತ್ತಿ, ಉಗ್ರಾಣದ ಬೀಗ ಮುರಿದು ಮೋಡಗಳನ್ನು ಬಿಡಿಸುತ್ತಾಳೆ. ಕೊನೆಯ ಪುಟದಲ್ಲಿ ಅವ್ವ ಕೂಗುವುದು ಕೇಳಿ ಆಕೆಗೆ ಎಚ್ಚರವಾಗುತ್ತದೆ. ಎಲ್ಲ ಕನಸು. ಫಕೀರವ್ವ ಹಾಸಿಗೆ ಮಡಚಿಟ್ಟು, ಇನ್ನು ಮೇಲೆ ಹೇಳಿದ ಮಾತು ಕೇಳುತ್ತೇನೆಂದು ಅವ್ವನಿಗೆ ವಚನ ಕೊಟ್ಟು ಸಾಲಿಗೆ ಹೋಗುತ್ತಾಳೆ. ನಾನು ಇದನ್ನು ಮೊದಲು ಓದಿದ್ದು ನಾಲ್ಕನೇ ಇಯತ್ತೆಯಲ್ಲಿ. ಆಗಲೇ ಆ ಪುಟ ನನಗೆ ಸೇರಿರಲಿಲ್ಲ.

ಬರೆದವರು ಗರಗದ ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಅದೊಂದೇ ಪುಸ್ತಕ ಬರೆದರು, ತೀರಿಹೋಗಿ ಬಹಳ ವರ್ಷವಾಯಿತು. ಹಕ್ಕು ಅವರ ಮಗನ ಬಳಿ ಇದೆ. ಮಗ ನಿವೃತ್ತ ಪ್ರಾಧ್ಯಾಪಕರು, ಸಪ್ತಾಪುರದಲ್ಲಿ ಮನೆ, ವಯಸ್ಸು ಎಂಬತ್ತರ ಹತ್ತಿರ. ಹಳೆಯ ಪ್ರಕಾಶಕರು ಎಂದೋ ಬಾಗಿಲು ಹಾಕಿದ್ದರಿಂದ, ಬೇಸಿಗೆ ರಜೆಯೊಳಗೆ ಹೊಸ ಆವೃತ್ತಿ ತರೋಣ ಎಂದು ನಮ್ಮ ಮಾಲಕರು ಪ್ರಾಧ್ಯಾಪಕರ ಒಪ್ಪಿಗೆ ಪಡೆದು ಬಂದರು. ಕೆಲಸ ನನ್ನ ಮೇಜಿಗೆ ಬಂತು.

ಮೂರು ಹಳೆಯ ಮುದ್ರಣಗಳನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ. ಹತ್ತೊಂಬತ್ತು ಅಧ್ಯಾಯಗಳಲ್ಲಿ ಹನ್ನೊಂದು ಅರ್ಧ ವಾಕ್ಯಕ್ಕೇ ನಿಂತುಬಿಡುತ್ತಿದ್ದವು. ‘ಫಕೀರವ್ವ ಬಾಗಿಲು ತಳ್ಳಿ ಒಳಗೆ ನೋಡಿದರೆ’ ಎಂದು ಒಂದು ಅಧ್ಯಾಯ ಮುಗಿದರೆ, ಮುಂದಿನದು ಒಳಗೇನಿತ್ತೆಂದು ಹೇಳದೆ, ಒಂದು ಕುಂಟ ಆಡಿನ ವಿಷಯದಿಂದ ಶುರುವಾಗುತ್ತದೆ. ಯಾರೋ ವಿಮರ್ಶಕರು ಇದನ್ನು ದೊಡ್ಡ ತಂತ್ರವೆಂದು ಹೊಗಳಿದ್ದರು. ನನಗೆ ನಗು ಬಂತು. ಅಚ್ಚಿನ ಮೊಳೆ ಜೋಡಿಸುವಾಗ ಸಾಲು ಬಿದ್ದುಹೋಗಿದೆ, ಮುಂದಿನ ಮುದ್ರಣದವರು ಹಾಗೇ ನಕಲು ಮಾಡಿದ್ದಾರೆ, ಇಂಥದ್ದು ಎಷ್ಟು ನೋಡಿಲ್ಲ ನಾನು? ಅರ್ಧಕ್ಕೆ ನಿಂತ ವಾಕ್ಯಗಳಿಗೆಲ್ಲ ಕ್ರಿಯಾಪದ ಕೊಟ್ಟೆ, ಎರಡು ಅಧ್ಯಾಯಗಳ ನಡುವೆ ಗುರುತೇ ಸಿಗದಂತೆ ಸೇತುವೆ ಕಟ್ಟಿದೆ. ಮಾಸ್ತರರು ಬದುಕಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು ಎಂದೂ ಅಂದುಕೊಂಡೆ.

ಹಳೆಯ ಓದುಗರು ತಮ್ಮ ನೆನಪು ತಿಳಿಸಬೇಕೆಂದು ಮಾಲಕರು ಪತ್ರಿಕೆಯಲ್ಲಿ ಪುಟ್ಟ ಪ್ರಕಟಣೆ ಕೊಟ್ಟಿದ್ದರು. ಬಂದ ಫೋನುಗಳೆಲ್ಲ ಬಾಲ್ಯ ಎಷ್ಟು ಛಲೋ ಇತ್ತು ಎಂಬ ಧಾಟಿಯವು. ಒಂದು ಮಾತ್ರ ಬೇರೆ ಥರ ಬಂತು. ಹೆಣ್ಣುದನಿ, ವಯಸ್ಸಾದದ್ದು, ನಮಸ್ಕಾರವೂ ಇಲ್ಲ.

“ಆ ಪುಸ್ತಕ ಮತ್ತ ಅಚ್ಚ ಹಾಕಾಕತ್ತೀರಂತ, ಖರೇ ಏನ್ರಿ?”

“ಹೌದ್ರಿ.”

“ಹಂಗಾರ ಕಡೀ ಪುಟ ತಿದ್ರಿ. ಅಕಿಗೆ ಎಚ್ಚರ ಆಗೂದಿಲ್ಲ. ಅಕಿ ಮಲಗೇ ಇಲ್ಲಲ್ರಿ.”

ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳಿದೆ. ಗರಗದಿಂದ ಎಂದರು. ನನಗೆ ಯಾರಾದರೂ ತಿದ್ದಲು ಹೇಳಿದರೆ ಮೊದಲು ಬರುವುದು ಸಿಟ್ಟು. ಆದರೆ ಆ ‘ಮಲಗೇ ಇಲ್ಲಲ್ರಿ’ ಅನ್ನುವ ಮಾತು ನನ್ನೊಳಗಿನ ನಾಲ್ಕನೇ ಇಯತ್ತೆಯ ಹುಡುಗಿಗೆ ಹೋಗಿ ತಟ್ಟಿತು. ಮರುದಿನ ಶನಿವಾರ, ಅರ್ಧ ದಿನ ರಜೆ ಹಾಕಿ ಗರಗದ ಬಸ್ಸು ಹತ್ತಿದೆ.

ಅವರಿಗೆ ಎಪ್ಪತ್ತು ದಾಟಿರಬಹುದು. ಮನೆಯ ಪಡಸಾಲೆಯಲ್ಲಿ ಚರಕದ ಮುಂದೆ ಕೂತಿದ್ದರು. ಜೀವನವಿಡೀ ಖಾದಿಗೆ ನೂತವರು, ಈಗಲೂ ದಿನಕ್ಕಿಷ್ಟು ಎಂದು ನೂಲುತ್ತಾರೆ. ನಾನು ಅವರನ್ನು ಗರಗದ ಅವ್ವ ಎಂದೇ ಕರೆಯುತ್ತೇನೆ. ಅವರು ಚರಕ ನಿಲ್ಲಿಸದೆಯೇ ಮಾತು ಶುರುಮಾಡಿದರು.

ಆಗ ಸಾಲಿಯಲ್ಲಿ ತಕಲಿ ತಾಸು ಅಂತ ಇರುತ್ತಿತ್ತಂತೆ. ತಕಲಿ ಅಂದರೆ ಕೆಳಗೆ ಹಿತ್ತಾಳೆಯ ಬಿಲ್ಲೆ ಇರುವ ತೆಳ್ಳನೆಯ ಕಡ್ಡಿ. ಬೆರಳಲ್ಲಿ ತಿರುವಿ ನೂಲಬೇಕು. ಐವತ್ತು ಮಕ್ಕಳು, ಒಬ್ಬರೂ ಸುಮ್ಮನೆ ಕೂರುವವರಲ್ಲ. ಆ ತಾಸು ಡ್ರಾಯಿಂಗ್ ಮಾಸ್ತರರ ಪಾಲಿಗೆ ಬಂತು. ಅವರಿಗೆ ನೂಲಲು ಬರುತ್ತಿರಲಿಲ್ಲ, ಹೊಡೆಯಲೂ ಬರುತ್ತಿರಲಿಲ್ಲ. ಹೀಗಾಗಿ ಕಥೆ ಹೇಳತೊಡಗಿದರು.

“ಒಂದ ನೇಮ ಇತ್ತ ನೋಡ್ರಿ,” ಎಂದರು ಅವ್ವ. “ಯಾರದರ ಎಳಿ ಹರೀತಂದ್ರ ಮಾಸ್ತರ ಅಲ್ಲೇ ಬಾಯಿ ಮುಚ್ಚತಿದ್ರು. ಮಾತು ಅರ್ಧ ಇರ್ಲಿ, ಕಾಲಭಾಗ ಇರ್ಲಿ. ಹರದಾಕಿ ಎಳಿ ಕೂಡಸಬೇಕು, ಕೂಡಿಸಿ ಮುಂದ ಏನಾತಂತ ತಾನ ಹೇಳಬೇಕು. ಅಕಿ ಹೇಳಿದ್ದ ಕಥಿ. ಮಾಸ್ತರ ಅಲ್ಲಿಂದ ಮುಂದ ಹೋಗವರು.”

“ಏನು ಹೇಳಿದ್ರೂ ಸೈನ್ರಿ?”

“ಏನ ಹೇಳಿದ್ರೂ. ಒಬ್ಬ ಕುಂಟ ಆಡು ತಂದ. ಅವರ ಮನ್ಯಾಗ ಇತ್ತದು, ಪಾಪ.”

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. ಬಾಗಿಲು ತಳ್ಳಿದ ಫಕೀರವ್ವ, ಆಮೇಲೆ ಆಡು. ಅಲ್ಲಿ ಸಾಲು ಬಿದ್ದುಹೋಗಿರಲಿಲ್ಲ. ಅಲ್ಲಿ ಒಬ್ಬ ಹುಡುಗನ ನೂಲು ಹರಿದಿತ್ತು. ಹನ್ನೊಂದು ಕಡೆ ಹನ್ನೊಂದು ಮಕ್ಕಳು ಒಳಗೆ ಬಂದ ಬಾಗಿಲುಗಳನ್ನು ನಾನು ಗಾರೆ ಹಾಕಿ ಮುಚ್ಚಿದ್ದೆ, ಅದೂ ಹೆಮ್ಮೆಯಿಂದ. ನಾಚಿಕೆಯಾಯಿತು.

ಕೊನೆ ಏನಾಗುತ್ತದೆ ಎಂದು ಕೇಳಿದೆ. ಅವ್ವ ಚರಕ ನಿಲ್ಲಿಸಿದರು. ಫಕೀರವ್ವ ಮೋಡದ ಮೇಲಿದ್ದಾಳೆ, ಕೆಳಗೆ ಅವಳ ಅವ್ವ ನಿಂತು ಇಳಿದು ಬಾ ಎಂದು ಕೂಗುತ್ತಿದ್ದಾಳೆ ಎಂದು ಮಾಸ್ತರರು ಹೇಳುವಾಗ ಇವರ ಎಳೆ ಹರಿಯಿತು. “ಹರೀತು ಅಂದ್ರ, ನಾನ ಹರದೆ,” ಎಂದರು. “ನಮ್ಮವ್ವ ದಿನಾ ಹೊತ್ತ ಹೊಂಡೂದರಾಗ ಎದ್ದು ನೂಲಾಕಿ. ಅಕಿ ಎಲ್ಲಿಗೂ ಹೋದಾಕಿ ಅಲ್ಲ. ಹುಡುಗಿ ಯಾಕ ಕೆಳಗ ಬರಬೇಕು, ಅವ್ವಾನೇ ಮ್ಯಾಲೆ ಹೋಗ್ಲಿ ಅಂತ ನನಗ. ಆದ್ರ ಒಂಟಿ ಎಳಿ ಅವ್ವನ ಭಾರ ತಡೀತದೇನ್ರಿ? ಅದಕ್ಕ ಫಕೀರವ್ವ ಎರಡು ಎಳಿ ಕೂಡಿಸಿ ಹುರಿ ಮಾಡಿ ಕೆಳಗ ಬಿಟ್ಳು ಅಂದೆ. ಅವ್ವ ಸೀರಿ ಕಚ್ಚಿ ಹಾಕ್ಕೊಂಡು ಹತ್ತಿದ್ಲು. ಅಷ್ಟ. ಮಾಸ್ತರ, ಕಥಿ ಮುಗೀತು ಅಂದ್ರು.”

ಇದನ್ನು ಯಾರಿಗೂ ಹೇಳಲಿಲ್ಲವೇ ಎಂದೆ. ಹೇಳಿದ್ದರು. ತಮ್ಮ ಮಗಳಿಗೆ, ಸಣ್ಣವಳಿದ್ದಾಗ, ಪ್ರತಿದಿನ. ಮಗಳು ಸಾಲಿಗೆ ಹೋದಳು, ತರಗತಿಯಲ್ಲಿ ಈ ಪುಸ್ತಕ ಓದಿಸಿದರು. ಇದರ ಕೊನೆ ಹೀಗಲ್ಲ, ನಮ್ಮವ್ವ ಹೇಳಿದ್ದು ಬೇರೆ, ಈ ಕೊನೆ ಮಾಡಿದ್ದೇ ನಮ್ಮವ್ವ ಎಂದು ಎದ್ದು ನಿಂತು ಹೇಳಿದಳು. ಇಡೀ ತರಗತಿ ನಕ್ಕಿತು. ಸುಳ್ಳು ಹೇಳಿದ್ದಕ್ಕೆ ಅಂತ ಬಾಗಿಲ ಹೊರಗೆ ನಿಲ್ಲಿಸಿದರು.

“ಮನೀಗೆ ಬಂದು ಪುಸ್ತಕ ನನ್ನ ಮುಂದ ಹಿಡದ್ಲು. ‘ಇದರಾಗ ಹಂಗಿಲ್ಲಲ್ಲ, ಯಾಕ ಸುಳ್ಳ ಹೇಳ್ದಿ’ ಅಂದ್ಲು. ಅವತ್ತಿಂದ ನನ್ನ ಕಡೆ ಒಂದೂ ಕಥಿ ಕೇಳಲಿಲ್ರಿ. ಈಗ ಅಮರಗೋಳದಾಗ ಅದಾಳ, ಮೊಮ್ಮಕ್ಕಳಾಗ್ಯಾವ. ಛಲೋ ಮಾತಾಡ್ತಾಳ. ಕಥಿ ಮಾತ್ರ ಕೇಳಂಗಿಲ್ಲ.”

ಆ ಒಂದು ಪುಟ ಒಂದು ಮನೆಯಲ್ಲಿ ಇಷ್ಟು ವರ್ಷ ಕೂತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಬಂದ ಸಿಟ್ಟಿಗೆ ಪಕ್ಕದವರು ಸರಿದು ಕೂತರು. ಅಷ್ಟರಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದ್ದೆ: ಅವ್ವನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿರಲಿಲ್ಲ.

ಸೋಮವಾರ ಪ್ರಾಧ್ಯಾಪಕರ ಮನೆಗೆ ಹೋಗಿ ಹಸ್ತಪ್ರತಿ ಕೇಳಿದೆ. ಅವರು ಶಿಸ್ತಿನ ಮನುಷ್ಯರು. ಟ್ರಂಕಿನಿಂದ ಆರು ಡ್ರಾಯಿಂಗ್ ವಹಿ ತೆಗೆದು ಕೊಟ್ಟರು. ಎಡಪುಟದಲ್ಲಿ ಪೆನ್ಸಿಲ್ ಚಿತ್ರ, ಬಲಪುಟದಲ್ಲಿ ಬರಹ. ಮಕ್ಕಳ ಚಿತ್ರದ ಹಾಳೆಗೆ ಮಾಡುವಂತೆ, ಪ್ರತಿ ಪುಟದ ಮೂಲೆಯಲ್ಲೂ ಮಾಸ್ತರರ ಚೋಟು ಸಹಿ. ಮತ್ತು ವಾಕ್ಯ ತುಂಡಾದ ಕಡೆಗೆಲ್ಲ ಅಂಚಿನಲ್ಲಿ ಒಂದು ಅಡ್ಡಗೆರೆ, ಗೆರೆಯ ಮುಂದೆ ಒಂದು ಹೆಸರು. ಆಡಿನ ಪಕ್ಕದಲ್ಲೂ ಒಂದು ಹುಡುಗನ ಹೆಸರು.

“ಏಳನೇದು, ಸರ?” ಎಂದೆ. ಆರರಲ್ಲಿ ಹದಿನೇಳು ಅಧ್ಯಾಯಗಳಷ್ಟೇ ಇದ್ದವು, ಕೊನೆಯ ಎರಡು ಅದರಲ್ಲಿರಬೇಕು.

“ಸಿಗವಲ್ದು,” ಎಂದರು. ಅವ್ವನ ಮಾತು ಹೇಳಿದೆ. ಅವರು ಟ್ರಂಕಿನ ಮುಚ್ಚಳ ಹಾಕಿದರು. “ನೋಡ್ರಿ, ಕಥಿ ಬರದವರು ನಮ್ಮ ಅಪ್ಪಾ. ಹುಡುಗೂರು ನೂಲು ಹರದಾರ. ಅವೆರಡೂ ಬ್ಯಾರೆ ಬ್ಯಾರೆ ಅವ. ಆ ಹೆಸರು ಹಾಕೂದರಿಂದ ಯಾರಿಗರ ಏನರ ಆಗೂದದ ಏನು?”

ಆಗುವುದಿದೆ ಎಂದೆ. ಆರು ವಹಿಗಳನ್ನು ಎತ್ತಿಕೊಂಡು, ಚಹಾ ಬರುವ ಮೊದಲೇ ಎದ್ದು ಬಂದೆ, ನಮ್ಮ ಕಡೆ ಅದು ದೊಡ್ಡ ಅವಮಾನ.

ಎಂಟು ದಿನ ಕೂತು ನಾನು ಕಟ್ಟಿದ ಹನ್ನೊಂದು ಸೇತುವೆಗಳನ್ನೂ ನಾನೇ ಒಡೆದೆ. ತಿದ್ದಿದ್ದನ್ನು ಬಿಚ್ಚುವುದು ತಿದ್ದುವುದಕ್ಕಿಂತ ಕಷ್ಟ. ಕೈಗೆ ಬರೀ ಮುಚ್ಚುವುದು ರೂಢಿಯಾಗಿರುತ್ತದೆ. ಹೊಸ ಫಾಂಟಿಗೆ ತರುವಾಗ ಅಡ್ಡಗೆರೆಗಳು ಹಾರಿಹೋದವು, ಒಂದೊಂದಾಗಿ ಮತ್ತೆ ಹಾಕಿದೆ. ಪ್ರತಿ ತುಂಡಿನ ಕೆಳಗೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಆ ಮಗುವಿನ ಹೆಸರು ಕೂರಿಸಿದೆ. ಮಾಲಕರು ನೋಡಿ, ಚಂದ ಕಾಣತೈತಿ ಎಂದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ನಮ್ಮಲ್ಲಿ ಹದಿನಾರು ಪುಟಕ್ಕೊಂದು ಫಾರ್ಮು. ಪ್ರತಿ ಫಾರ್ಮಿನ ಕೊನೆಯ ಕರಡಿನ ತಲೆಯ ಮೇಲೆ ನಾನು ‘ಮುದ್ರಣಕ್ಕೆ ಅಡ್ಡಿ ಇಲ್ಲ’ ಎಂದು ಬರೆದು ಸಹಿ ಮಾಡದ ಹೊರತು ಹುಬ್ಬಳ್ಳಿಯ ಪ್ರೆಸ್ಸಿನವರು ಯಂತ್ರಕ್ಕೆ ಹಾಕುವುದಿಲ್ಲ. ಎಂಟು ಫಾರ್ಮುಗಳ ಮೇಲೆ ಹಾಗೇ ಬರೆದೆ. ಒಂಬತ್ತನೆಯದು ಕನಸಿನ ಪುಟ ಇದ್ದ ಫಾರ್ಮು. ಅದನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತೆ. ನನ್ನ ಬಳಿ ಇದ್ದದ್ದು ಒಬ್ಬ ಹೆಣ್ಣುಮಗಳ ಬಾಯಿಮಾತು, ಅದನ್ನು ಕೇಳಿದ್ದೇನೆಂಬ ನನ್ನ ಬಾಯಿಮಾತು. ಆಮೇಲೆ ‘ಅಡ್ಡಿ ಇದೆ’ ಎಂದು ಬರೆದು ಸಹಿ ಮಾಡಿದೆ. ಕೆಳಗೆ ಅವ್ವ ಹೇಳಿದ ಕೊನೆಯನ್ನು, ಎರಡೆಳೆ ಹುರಿಯ ಸಮೇತ, ಮೂರು ಸಾಲಿನಲ್ಲಿ ಬರೆದೆ.

ಮಾಲಕರು ನನಗಿಂತ ಸಣ್ಣವರು, ನನ್ನನ್ನು ಗೌರವದಿಂದ ಬಾಯಾರ ಎನ್ನುತ್ತಾರೆ. ಒಳ್ಳೆಯವರು, ಅಂಜುಬುರುಕರು.

“ಬಾಯಾರ, ಏನಿದು? ಮೂರ ತಲೆಮಾರ ಓದಿದ್ದು ಬಿಟ್ಟು, ಒಂದ ಮುದುಕಿ ಮಾತಿಗೆ ಪುಸ್ತಕ ನಿಲ್ಲಸತೀರಿ?”

“ಮೂರು ತಲೆಮಾರು ತಪ್ಪು ಓದ್ಯಾರ್ರಿ.”

“ಅದಕ್ಕ ಆಧಾರ ಬೇಕಲ್ರಿ. ನೀವ ಅಕಿಗೆ ಹೇಳಿಕೊಟ್ಟೀರಿ ಅಂತ ಯಾರರ ಅಂದ್ರ?”

“ಅನ್ಲಿ. ನನ್ನ ಮುಂದ ಬಂದು ಅನ್ಲಿ.”

“ನಾ ಬ್ಯಾರೆದವರ ಕಡೆ ಸಹಿ ಮಾಡಸತೇನಿ ಹಂಗಾರ.”

“ಮಾಡಸ್ರಿ. ಆದ್ರ ನನ್ನ ಹೆಸರು ತಗೀರಿ, ಮುಂದಿನ ಪುಸ್ತಕದ್ದೂ ತಗೀರಿ.”

ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಕಷ್ಟವಿತ್ತು. ಆದರೂ ಮಾತು ಹಿಂದೆ ತೆಗೆದುಕೊಳ್ಳುವ ಮನಸ್ಸು ಒಂದು ಚೂರೂ ಆಗಲಿಲ್ಲ. ಒಂದು ಸಣ್ಣ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ ಪುಟದ ಮೇಲೆ ನಾನು ಅಡ್ಡಿ ಇಲ್ಲ ಎಂದು ಬರೆಯುವವಳಲ್ಲ. ಮಾಲಕರು ಬೇರೆಯವರಿಂದ ಸಹಿ ಮಾಡಿಸಲಿಲ್ಲ. ನನ್ನ ಕರಡಿನ ಫೋಟೋ ತೆಗೆದು, ನೀವೇ ಬಗೆಹರಿಸಿರಿ ಎಂದು ಪ್ರಾಧ್ಯಾಪಕರಿಗೆ ಕಳಿಸಿದರು.

ಮರುದಿನ ಮುಂಜಾನೆ, ನಾವು ಬಾಗಿಲು ತೆಗೆಯುವ ಹೊತ್ತಿಗೇ ಪ್ರಾಧ್ಯಾಪಕರು ಮೆಟ್ಟಿಲ ಮೇಲೆ ನಿಂತಿದ್ದರು. ಕಂಕುಳಲ್ಲಿ ಚೀಲ. ಒಳಗೆ ಬಂದು ಕೂತು ಏಳನೆಯ ವಹಿ ಹೊರತೆಗೆದರು. ನಾನೇ ಕೊನೆಯ ಪುಟ ತಿರುವಿದೆ. ಬರಹದ ಮೇಲೆ ಒಂದು ಚೀಟಿ ಅಂಟಿಸಿತ್ತು, ಚೀಟಿಯಲ್ಲಿ ಕನಸು, ಹಾಸಿಗೆ, ವಚನ ಎಲ್ಲ ಇತ್ತು. ಅಂಟು ಒಣಗಿ ಚೀಟಿ ಒಂದು ಬದಿ ಎದ್ದಿತ್ತು. ಎತ್ತಿ ನೋಡಿದೆ. ಕೆಳಗೆ ಮಾಸ್ತರರ ಅಕ್ಷರ: ಎರಡು ಎಳೆ, ಹುರಿ, ಸೀರೆ ಕಚ್ಚೆ ಹಾಕಿ ಹತ್ತುವ ಅವ್ವ. ಅಂಚಿನಲ್ಲಿ ಅಡ್ಡಗೆರೆ, ಗರಗದ ಅವ್ವನ ಹೆಸರು. ಎಡಪುಟದಲ್ಲಿ ಒಂದು ಹುರಿಯ ಚಿತ್ರ, ಎರಡೆಳೆ ಸುತ್ತಿಕೊಂಡದ್ದು ಎಣಿಸುವಷ್ಟು ಸ್ಪಷ್ಟ. ಆ ಪುಟಕ್ಕೆ ಸಹಿ ಇತ್ತು. ಚೀಟಿಗೆ ಇರಲಿಲ್ಲ.

“ಈ ಚೀಟಿ ಯಾರ ಕೈಬರಹರಿ, ಸರ?”

ಅವರು ಕನ್ನಡಕ ತೆಗೆದು ಒರೆಸಿದರು. “ನಂದು.”

ಆಗ ಅವರು ಕಾಲೇಜಿನಲ್ಲಿದ್ದರು. ಅಪ್ಪನ ವಹಿಗಳ ಶುದ್ಧಪ್ರತಿ ಮಾಡಿ ಪ್ರಕಾಶಕರಿಗೆ ಒಯ್ದವರು ಅವರೇ. ಹುಡುಗಿ ಮನೆಗೆ ಬರುವುದಿಲ್ಲ, ತಾಯಿಯೂ ಮನೆ ಬಿಟ್ಟು ಹೋಗುತ್ತಾಳೆ ಅಂದರೆ ಸಾಲಿಗಳು ಕೊಳ್ಳುವುದಿಲ್ಲ ಎಂದು ಆ ಪ್ರಕಾಶಕರು ಹೇಳಿದರಂತೆ. ಮಗ ಅಲ್ಲೇ ಕೂತು ಕನಸಿನ ಪುಟ ಬರೆದುಕೊಟ್ಟರು.

“ಅಪ್ಪಾರು ಏನೂ ಅನ್ನಲಿಲ್ಲೇನ್ರಿ?” ಎಂದೆ.

“‘ಇದಕ್ಕ ನಾ ಸಹಿ ಮಾಡೂದಿಲ್ಲ’ ಅಂದ್ರು. ಮತ್ತೇನೂ ಅನ್ನಲಿಲ್ಲ. ಅಪ್ಪಾಂದೊಂದು ಪುಸ್ತಕ ಬರಲಿ ಅಂತ ನನ್ನ ಆಸೆ ಇತ್ತು. ಬಂತು. ಅವರು ಎರಡನೇದು ಬರೀಲೇ ಇಲ್ಲ.” ಕನ್ನಡಕ ಹಾಕಿಕೊಂಡು ಹೇಳಿದರು, “ಆ ಪುಟಕ್ಕ ಒಲ್ಲೆ ಅಂದವರನ್ನ ನಿನ್ನೆ ಮತ್ತ ನೋಡಿದೆ, ನಿಮ್ಮ ಫೋಟೋದಾಗ. ನಿದ್ದಿ ಹತ್ತಲಿಲ್ಲ.”

ನನಗೆ ಅವರ ಬಗ್ಗೆ ಕನಿಕರ ಬರಬೇಕಿತ್ತು, ಬಂದದ್ದು ಅರ್ಧ ಮಾತ್ರ. ಆ ವಹಿ ಇಷ್ಟು ವರ್ಷ ಅವರ ಟ್ರಂಕಿನಲ್ಲಿತ್ತು, ಅಲ್ಲಿಂದ ಗರಗ ಒಂದು ಬಸ್ಸಿನ ದಾರಿ. ಅದನ್ನೇ ಹೇಳಿದೆ. ಅವರು ಖರೇ ಎಂದರು. ಇದನ್ನೆಲ್ಲ ನಾನು ಬರೆಯುತ್ತೇನೆ ಎಂದಾಗ, “ಬರೀರಿ, ನನ್ನ ಹೆಸರೊಂದು ಬ್ಯಾಡ” ಎಂದರು. ಅಷ್ಟು ನಡೆಸಿಕೊಟ್ಟಿದ್ದೇನೆ.

ಮಾಲಕರಿಗೆ ಇನ್ನೂ ಅಂಜಿಕೆ. “ಎರಡೂ ಹಾಕೂಣೇನ್ರಿ ಬಾಯಾರ? ಕನಸಿಂದು ಹಿಂದ, ಅನುಬಂಧ ಅಂತ?”

“ಇಲ್ರಿ,” ಎಂದೆ. “ಅಕಿ ಮಲಗೇ ಇಲ್ಲ.”

ಈ ಸಲ ನನ್ನ ಬೆಂಬಲಕ್ಕೆ ಬಂದವರು ಪ್ರಾಧ್ಯಾಪಕರು. ಆ ಚೀಟಿಯನ್ನು ತಾವೇ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರು. ಒಂಬತ್ತನೆಯ ಫಾರ್ಮು ಹೊಸದಾಗಿ ಜೋಡಿಸಿ ಬಂತು. ಅಡ್ಡಿ ಇಲ್ಲ ಎಂದು ಬರೆದೆ.

ಮೊದಲ ಪ್ರತಿ ಹಿಡಿದುಕೊಂಡು ನೆಟ್ಟಗೆ ಗರಗಕ್ಕೆ ಹೋದೆ. ಅಮರಗೋಳದ ಮಗಳಿಗೂ ಬರಲು ಹೇಳಿದ್ದೆ. ಆಕೆ ಕಂಬಕ್ಕೊರಗಿ, ತನಗೂ ಇದಕ್ಕೂ ಸಂಬಂಧವಿಲ್ಲದವರ ಹಾಗೆ ಕೂತಿದ್ದರು. ಅವ್ವ ಚರಕದ ಮುಂದೆ. ಮೊದಲು ಅಂಚಿನ ಹೆಸರನ್ನು ಮಗಳ ಮುಂದೆ ಹಿಡಿದೆ. ಓದಿದರು. ಎರಡನೇ ಸಲ ಓದಿದರು. ಪುಸ್ತಕ ವಾಪಸು ಕೊಟ್ಟು ಮತ್ತೆ ಕಂಬಕ್ಕೊರಗಿದರು.

ನಾನು ಕೊನೆಯ ಅಧ್ಯಾಯ ಗಟ್ಟಿಯಾಗಿ ಓದತೊಡಗಿದೆ. ಚರಕ ತಿರುಗುತ್ತಿತ್ತು. ಉಗ್ರಾಣದ ಬೀಗ ಮುರಿಯಿತು, ಮೋಡಗಳು ಹೊರಬಿದ್ದವು, ಫಕೀರವ್ವ ಮೇಲೆ ನಿಂತಳು, ಕೆಳಗೆ ಅವಳ ಅವ್ವ ಇಳಿದು ಬಾ ಎಂದು ಕೂಗಿದಳು. ಆಗ ಚರಕದ ಸಪ್ಪಳ ನಿಂತಿತು. ನೋಡಿದರೆ ಅವ್ವ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ನನ್ನನ್ನೇ ನೋಡುತ್ತಾ, ಪಟ್ಟನೆ ಹರಿದರು.

“ಹರೀತು,” ಎಂದರು. “ಈಗ ನನ್ನ ಪಾಳಿ.”

ನಾನು ಬಾಯಿ ಮುಚ್ಚಿದೆ, ಅದೇ ನೇಮ. ಮಗಳು ಕಂಬ ಬಿಟ್ಟು ಎದ್ದು ಬಂದು ಅವ್ವನ ಮೊಣಕಾಲಿಗೆ ತಾಗಿ ಕೂತರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಮುಚ್ಚಿ, ಪಕ್ಕಕ್ಕಿಟ್ಟರು.

“ನೀ ಹೇಳಬೇ, ಯವ್ವಾ,” ಎಂದರು.